ಕಾರವಾರದ ಉಪ್ಪುಗಾಳಿಯಲ್ಲಿ ಬೇಸ್ ಗಿಟಾರ್: ಕೋಡಿಬಾಗದ ಒಂದು ಜಗಲಿಯಲ್ಲಿ ನಡೆದ ದುರಸ್ತಿ

ಕೋಡಿಬಾಗದ ಕಡೆ ಹಾರ್ಮೋನಿಯಂ ದುರಸ್ತಿ ಮಾಡುವ ಹಿರಿಯರೊಬ್ಬರು ಗಿಟಾರಿನ ಕೆಲಸವನ್ನೂ ಒಪ್ಪಿಕೊಳ್ಳುತ್ತಾರೆ ಎಂದು ನಮ್ಮ ಚರ್ಚಿನ ವಾದ್ಯತಂಡದ ಗೆಳೆಯರು ಹೇಳಿದ್ದರು. ಅವರಿಗೆ ಅಂಗಡಿಯಿಲ್ಲ, ಫಲಕವೂ ಇಲ್ಲ. ಮನೆಯ ಜಗಲಿಯೇ ಕಾರ್ಯಾಗಾರ. ಚೌತಿಯ ಕಾರ್ಯಕ್ರಮಗಳು ಮುಗಿದ ಮರುವಾರ ನನ್ನ ನಾಲ್ಕು ತಂತಿಯ ಬೇಸ್ ಗಿಟಾರನ್ನು ಹೊಸ ತಂತಿಗಳ ಒಂದು ಸೆಟ್ಟಿನೊಂದಿಗೆ ಅವರಲ್ಲಿ ಬಿಟ್ಟುಬಂದೆ. ತಂತಿ ಬದಲಾಯಿಸುವುದನ್ನು ನಾನೂ ಬಲ್ಲೆ. ಆದರೆ ಈ ಸಲದ ತೊಂದರೆ ತಂತಿಗಷ್ಟೇ ಸೀಮಿತವಾಗಿರಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ತೇವವೂ ಉಪ್ಪೂ ಒಟ್ಟಿಗೇ ಇರುತ್ತವೆ. ಉಪ್ಪು ಗಾಳಿಯ ತೇವವನ್ನು ಹೀರಿ ಲೋಹದ ಮೇಲೆ ಕಣ್ಣಿಗೆ ಕಾಣದ ಉಪ್ಪುನೀರಿನ ಪದರವಾಗುತ್ತದೆ. ಒಣ ಊರುಗಳಲ್ಲಿ ವರ್ಷಗಟ್ಟಲೆ ಹೊಳೆಯುವ ತಿರುಪು ಇಲ್ಲಿ ಒಂದೇ ಮಳೆಗಾಲದಲ್ಲಿ ಕೆಂಪಗಾಗುವುದು ಇದರಿಂದಲೇ. ನನ್ನ ವಾದ್ಯದ ಬ್ರಿಜ್‌ನಲ್ಲಿ, ಅಂದರೆ ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗದಲ್ಲಿ, ತಂತಿಯ ಎತ್ತರವನ್ನು ಹೊಂದಿಸುವ ಸಣ್ಣ ತಿರುಪುಗಳು ಕಚ್ಚಿಕೊಂಡಿದ್ದವು. ತಂತಿಗಳ ಸುರುಳಿಯ ಸಂದುಗಳಲ್ಲಿ ಬೆವರು ಮತ್ತು ಕೊಳೆ ತುಂಬಿ ನಾದ ಮಂಕಾಗಿತ್ತು. ಗಿಟಾರಿನ ಉದ್ದನೆಯ ನೆಕ್‌ನ ಮೇಲಿನ ಅಡ್ಡ ಲೋಹಪಟ್ಟಿಗಳಾದ ಫ್ರೆಟ್‌ಗಳಲ್ಲಿ ಐದನೆಯದರಿಂದ ಮೇಲೆ ಒತ್ತಲು ಬೆರಳಿಗೆ ಮೊದಲಿಗಿಂತ ಹೆಚ್ಚು ಬಲ ಬೇಕಾಗುತ್ತಿತ್ತು.

ಅವರು ಹಳೆಯ ತಂತಿಗಳನ್ನು ಬಿಚ್ಚುವ ಮೊದಲೇ ಅಳತೆಗೆ ಕುಳಿತದ್ದು ನನಗೆ ತುಂಬ ಹಿಡಿಸಿತು. ವಾದ್ಯವನ್ನು ಶ್ರುತಿಗೆ ತಂದು, ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿಹಿಡಿದು, ನಡುವಿನ ಎಂಟನೆಯ ಫ್ರೆಟ್‌ಗೂ ತಂತಿಗೂ ಇರುವ ಅಂತರವನ್ನು ಗ್ಯಾರೇಜಿನವರು ಬಳಸುವ ಫೀಲರ್ ಗೇಜ್ ಎಂಬ ತೆಳು ಲೋಹದ ಅಳತೆಪಟ್ಟಿಗಳಿಂದ ನೋಡಿದರು. ಸುಮಾರು 0.3 ಮಿ.ಮೀ. ಇರಬೇಕಾದ ಕಡೆ 0.7 ಇತ್ತು, ಅಂದರೆ ನೆಕ್ ಹೆಚ್ಚು ಬಾಗಿತ್ತು. ನಾಲ್ಕು ತಂತಿಗಳು ಸೇರಿ ನೆಕ್ ಅನ್ನು ಸುಮಾರು 80 ಕೆ.ಜಿ. ಬಲದಿಂದ ಎಳೆಯುತ್ತವೆ, ಮಳೆಗಾಲದಲ್ಲಿ ಮರ ತೇವ ಕುಡಿದಾಗ ಈ ಎಳೆತಕ್ಕೂ ನೆಕ್ ಬಾಗದಂತೆ ಒಳಗಿಂದ ತಡೆಯುವ ಲೋಹದ ಸಲಾಕೆಯಾದ ಟ್ರಸ್ ರಾಡ್‌ಗೂ ನಡುವಿನ ಸಮತೋಲ ತಪ್ಪುತ್ತದೆ. ಅವರು ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಲಿಲ್ಲ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆದು, ಆಮೇಲಷ್ಟೇ ಮುಂದುವರಿದರು.

ಬ್ರಿಜ್‌ನ ಕೆಲಸಕ್ಕೆ ಒಂದಿಡೀ ಮಧ್ಯಾಹ್ನ ಹಿಡಿಯಿತು. ಕಚ್ಚಿಕೊಂಡ ತಿರುಪುಗಳಿಗೆ ಅಲೆನ್ ಕೀ ಹಾಕಿ ಬಲವಂತವಾಗಿ ತಿರುಗಿಸಿದರೆ ಅವುಗಳ ಆರು ಮೂಲೆಯ ತೂತು ಸವೆದು ದುಂಡಗಾಗುತ್ತದೆ, ಆಮೇಲೆ ಅವು ಹೊರಬರುವುದೇ ಇಲ್ಲ. ಅವರು ಒಂದೊಂದಕ್ಕೂ ಸೂಜಿಯ ತುದಿಯಿಂದ ಒಂದು ಹನಿ ಎಣ್ಣೆ ಬಿಟ್ಟು ಕಾದರು, ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಅಲುಗಾಡಿಸಿದರು, ಕೊನೆಗೆ ಎಂಟನ್ನೂ ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರು. ಎರಡು ಮಾತ್ರ ಉಳಿಯಲಿಲ್ಲ. ಅವುಗಳ ಬದಲಿಗೆ ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ತಿರುಪುಗಳನ್ನು ತಮ್ಮ ಡಬ್ಬಿಯಿಂದಲೇ ಆರಿಸಿ ಹಾಕಿದರು. ತಂತಿಯಿಲ್ಲದ ಹೊತ್ತಿನಲ್ಲಿ ರೋಸ್‌ವುಡ್ಡಿನ ಫಿಂಗರ್‌ಬೋರ್ಡನ್ನು ಒರೆಸಿ, ಬಟ್ಟೆಗೆ ತುಸುವೇ ಲೆಮನ್ ಆಯಿಲ್ ಹಚ್ಚಿ ಸವರಿದರು. ಮೆರುಗೆಣ್ಣೆ ಹಚ್ಚಿದ ಮೇಪಲ್ ಬೋರ್ಡಿದ್ದವರಿಗೆ ಈ ಎಣ್ಣೆ ಬೇಕಿಲ್ಲ. ವಾಲ್ಯೂಮ್ ಗುಂಡಿಯ ಗರಗರ ಸದ್ದು ಕಾಂಟ್ಯಾಕ್ಟ್ ಕ್ಲೀನರ್‌ಗೆ ನಿಂತಿತು.

ಹೊಸ ತಂತಿ ಹಾಕುವ ವಿಷಯದಲ್ಲಿ ನನಗೆ ಹಿಂದೆ ಕಹಿ ಅನುಭವವಾಗಿತ್ತು. ಬೇರೊಂದು ಊರಿನ ಅಂಗಡಿಯಲ್ಲಿ ಇ ತಂತಿಯನ್ನು ತೀರ ಗಿಡ್ಡವಾಗಿ ಕತ್ತರಿಸಿದ್ದರಿಂದ ಅದು ಗೂಟಕ್ಕೆ ಒಂದೇ ಸುತ್ತು ಬಂದಿತ್ತು, ಅದೂ ಮೇಲ್ತುದಿಯಲ್ಲಿ. ನನ್ನದರಂತಹ ಹೆಡ್‌ಸ್ಟಾಕ್‌ನಲ್ಲಿ (ನೆಕ್‌ನ ತುದಿಯಲ್ಲಿ ಗೂಟಗಳಿರುವ ಭಾಗ) ಡಿ ಮತ್ತು ಜಿ ತಂತಿಗಳನ್ನು ಕೆಳಕ್ಕೆ ಒತ್ತಿಹಿಡಿಯುವ ಸಣ್ಣ ಕೊಂಡಿಯಿರುತ್ತದೆ. ಇ ಮತ್ತು ಎ ತಂತಿಗಳಿಗೆ ಆ ಆಸರೆಯಿಲ್ಲದ ಕಾರಣ ಸುತ್ತುಗಳೇ ಕೆಳಮುಖವಾಗಿ ಇಳಿದು, ಫ್ರೆಟ್‌ಗಳು ಶುರುವಾಗುವಲ್ಲಿ ತಂತಿಗಳು ಹಾಯುವ ಗೀರುಗಳ ಪಟ್ಟಿಯಾದ ನಟ್‌ನ ಮೇಲೆ ತಂತಿ ಗಟ್ಟಿಯಾಗಿ ಕೂರುವಂತೆ ಮಾಡಬೇಕು, ಇಲ್ಲದಿದ್ದರೆ ತೆರೆದ ತಂತಿ ಅಲ್ಲಿಯೇ ಗೊರಗುಟ್ಟುತ್ತದೆ. ಕೋಡಿಬಾಗದ ಈ ಹಿರಿಯರು ಗೂಟದಿಂದಾಚೆ ಸಾಕಷ್ಟು ಉದ್ದ ಬಿಟ್ಟು, ಮೊದಲು ಮಡಿಸಿ ಆಮೇಲೆ ಕತ್ತರಿಸಿ, ತುದಿಯನ್ನು ಗೂಟದ ನಡುವಿನ ರಂಧ್ರದೊಳಗೆ ಇಳಿಸಿ, ಒಂದರ ಕೆಳಗೊಂದು ಬರುವಂತೆ ಮೂರು ಸುತ್ತು ಹಾಕಿದರು. ಇಂಚಿನ ಸಾವಿರದ ಲೆಕ್ಕದಲ್ಲಿ 45, 65, 85, 105ರ ದಪ್ಪವನ್ನೇ ನಾನು ಮತ್ತೆ ಒಯ್ದಿದ್ದೆ. ದಪ್ಪ ಬದಲಾದರೆ ಎಳೆತವೂ ಬದಲಾಗಿ ನೆಕ್‌ನ ಕೆಲಸ ಹೊಸದಾಗಿ ಶುರುವಾಗುತ್ತದೆ.

ಒಂದು ರಾತ್ರಿ ಶ್ರುತಿಯಲ್ಲೇ ಬಿಟ್ಟು, ಮರುದಿನ ನೆಕ್ ಅನ್ನು ಮತ್ತೊಮ್ಮೆ ಅಳೆದು, ಆಮೇಲೆ ತಂತಿಗಳ ಎತ್ತರವನ್ನು ಹದಿನೇಳನೆಯ ಫ್ರೆಟ್‌ನ ಮೇಲೆ ಎರಡರಿಂದ ಎರಡೂವರೆ ಮಿ.ಮೀ. ಒಳಗೆ ತಂದರು. ಆದರೆ ಕೊನೆಯ ಹಂತದಲ್ಲಿ ಒಂದು ಕೊರತೆ ಉಳಿಯಿತು. ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅಲ್ಲೇ ಒತ್ತದೆ ಹಗುರವಾಗಿ ಮುಟ್ಟಿ ಹೊರಡಿಸಿದ ಹಾರ್ಮೋನಿಕ್ ಸ್ವರವೂ ಒಂದಾಗಬೇಕು. ಹಾರ್ಮೋನಿಯಂ ಸ್ವರಗಳನ್ನು ಕಿವಿಯಿಂದಲೇ ಕೂಡಿಸುವ ಅವರು ಇಲ್ಲಿಯೂ ಕಿವಿಯನ್ನೇ ನೆಚ್ಚಿದರು. ಎ, ಡಿ, ಜಿ ಮೂರೂ ಸರಿಯಾಗಿದ್ದವು. ತೆರೆದಾಗ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುವ ಇ ತಂತಿಯ ಮಂದ್ರದಲ್ಲಿ ಸಣ್ಣ ವ್ಯತ್ಯಾಸವನ್ನು ಹಿಡಿಯುವುದು ಯಾವ ಕಿವಿಗಾದರೂ ಕಷ್ಟ. ಮನೆಯಲ್ಲಿ ಟ್ಯೂನರ್ ಹಾಕಿ ನೋಡಿದಾಗ ಒತ್ತಿದ ಸ್ವರ 5 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಭಾಗವೇ ಒಂದು ಸೆಂಟ್) ಏರಿತ್ತು. ಬ್ರಿಜ್‌ನಲ್ಲಿ ಆ ತಂತಿ ಕೂರುವ ತುಂಡಾದ ಸ್ಯಾಡಲ್ ಅನ್ನು ಎರಡೂವರೆ ಮಿ.ಮೀ.ಯಷ್ಟು ಹಿಂದಕ್ಕೆ ಸರಿಸಿದಾಗ ಸರಿಹೋಯಿತು. ಕೀಬೋರ್ಡಿನ ಜೊತೆಗೆ ನುಡಿಸುವವರು ವಾದ್ಯ ತರುವಾಗ ತಮ್ಮ ಟ್ಯೂನರನ್ನೂ ಒಯ್ದು, ಅಲ್ಲಿಯೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕೂಲಿ 800 ರೂಪಾಯಿ, ಹಿಡಿದದ್ದು ನಾಲ್ಕು ದಿನ. ಇದೇ ಕೆಲಸಕ್ಕೆ ವಾದ್ಯವನ್ನು ಹೊತ್ತು ಮಡಗಾಂವ್‌ಗೆ ಹೋಗಿಬರುವ ಶ್ರಮ ಉಳಿಯಿತು ಎಂಬುದಕ್ಕಿಂತ, ಪ್ರತಿ ಹೆಜ್ಜೆಯನ್ನೂ ಪಕ್ಕದಲ್ಲಿ ಕುಳಿತು ನೋಡಲು ಬಿಟ್ಟರು ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕೋಟಿಂಗ್ ಇರುವ ತಂತಿ ಕೊಳ್ಳಬಹುದೇ ಎಂದು ಕೇಳಿದೆ. ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾದರೂ ಸುರುಳಿಯ ಸಂದಿಗೆ ಬೆವರು ಇಳಿಯದ ಕಾರಣ ಮಳೆಗಾಲಕ್ಕೆ ಅದೇ ಮೇಲು, ಬೇಸಿಗೆಗೆ ಸಾದಾ ತಂತಿ ಸಾಕು ಎಂದರು. ನುಡಿಸಿದ ಮೇಲೆ ತಂತಿಗಳನ್ನು ಕೆಳಗಿನಿಂದಲೂ ಒಣಬಟ್ಟೆಯಲ್ಲಿ ಒರೆಸಬೇಕು, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಬೇಕು ಎಂದೂ ಹೇಳಿದರು. ಚೌತಿಯ ಮುಂಚಿನ ಎರಡು ವಾರ ಅವರ ಜಗಲಿಯ ತುಂಬ ಭಜನಾ ಮಂಡಳಿಗಳ ಹಾರ್ಮೋನಿಯಂಗಳೇ ಇರುತ್ತವೆ, ಆಗ ಗಿಟಾರನ್ನು ತೆಗೆದುಕೊಳ್ಳುವುದಿಲ್ಲ. ಮುಂದಿನ ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಯ ವಾರಕ್ಕೆ ನನ್ನ ವಾದ್ಯದ ಸರದಿಯನ್ನು ಈಗಲೇ ಹೇಳಿಟ್ಟು ಬಂದಿದ್ದೇನೆ.