ಕೆಐ-67, ಎಸ್‌ಪಿ6 ಕ್ಲೋನ್: ಇಲಿ ಟಿಶ್ಯೂ ಮೇಲೆ ಮಾಡೋರು ಧಾರಾಳವಾಗಿ ತಗೋಬಹುದು

ಇಲಿ ಕರುಳನ್ನ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ಕೊಯ್ದ ಸೆಕ್ಷನ್‌ನಲ್ಲಿ ಯಾವ್ಯಾವ ಸೆಲ್ ಡಿವೈಡ್ ಆಗ್ತಿದೆ ಅಂತ ನೋಡಕ್ಕೆ ನಮ್ಮ ಲ್ಯಾಬಿಗೆ ಎಸ್‌ಪಿ6 ತರಿಸಿದ್ವಿ. ಡಿವೈಡ್ ಆಗೋ ಸೆಲ್‌ಗಳ ನ್ಯೂಕ್ಲಿಯಸ್‌ನಲ್ಲಿರೋ ಕೆಐ-67 ಅನ್ನೋ ಪ್ರೋಟೀನನ್ನ ಹಿಡಿಯೋ ಆಂಟಿಬಾಡಿ ಇದು, ಮೊಲದ ಮಾನೊಕ್ಲೋನಲ್ (ಒಂದೇ ಕ್ಲೋನ್, ಅಂದ್ರೆ ಒಂದೇ ಸೆಲ್‌ನ ವಂಶದಿಂದ ಬಂದಿದ್ದು). ಸಿಗ್ನಲ್ ವಿಷ್ಯದಲ್ಲಿ ಎರಡು ಮಾತೇ ಇಲ್ಲ. ಕ್ರಿಪ್ಟ್‌ಗಳಲ್ಲಿ (ಕರುಳಿನ ಒಳಗೋಡೆಯ ಗುಂಡಿಗಳು, ಸೆಲ್ ಡಿವೈಡ್ ಆಗೋ ಜಾಗ) ನ್ಯೂಕ್ಲಿಯಸ್‌ಗಳು ಗಾಢ ಕಂದು, ಅಂದ್ರೆ ಪಾಸಿಟಿವ್, ತಳದಲ್ಲಿರೋ ಡಿವೈಡ್ ಆಗದ ಪ್ಯಾನೆತ್ ಸೆಲ್ಸ್ ಮಾತ್ರ ಸುಮ್ನೆ ನೀಲಿ, ಮೇಲೆ ವಿಲ್ಲಸ್ (ಬೆರಳಿನಂಥ ಚಾಚು) ಎಲ್ಲಿ ಶುರುವಾಯ್ತೋ ಅಲ್ಲಿಂದ ಬರೀ ಹೆಮಟಾಕ್ಸಿಲಿನ್ ಬಣ್ಣದ ನೀಲಿ, ಒಂದೇ ಸ್ಲೈಡಲ್ಲಿ ಪಾಸಿಟಿವ್ ನೆಗೆಟಿವ್ ಎರಡೂ ಕಂಟ್ರೋಲ್ ಸಿಕ್ಕಂಗಾಯ್ತು.

ಪೆಥಾಲಜಿಯವ್ರನ್ನ ಕೇಳಿದ್ರೆ ಎಂಐಬಿ-1 (ಕೆಐ-67ಗೇ ಇರೋ ಇನ್ನೊಂದು ಕ್ಲೋನ್) ತಗೊಳಿ ಅಂತಾರೆ. ಮನುಷ್ಯರ ಟ್ಯೂಮರ್‌ಗೆ ಅದು ಸರಿನೇ, ಆದ್ರೆ ಇಲಿ ಪ್ರೋಟೀನನ್ನ ಅದು ಹಿಡಿಯಲ್ಲ, ಮೇಲಾಗಿ ಅದು ಇಲಿಯಲ್ಲೇ ಮಾಡಿರೋ ಆಂಟಿಬಾಡಿ, ಹಂಗಾಗಿ ಸೆಕೆಂಡರಿ (ಮೊದಲ ಆಂಟಿಬಾಡಿನ ಹಿಡಿದು ಬಣ್ಣ ತೋರ್ಸೋ ಎರಡನೇ ಆಂಟಿಬಾಡಿ) ಹೋಗಿ ಟಿಶ್ಯೂನಲ್ಲಿರೋ ಇಲಿಯ ಸ್ವಂತ ಆಂಟಿಬಾಡಿ ಐಜಿಜಿಗೂ ಅಂಟ್ಕೊಂಡು ಸ್ಲೈಡೆಲ್ಲಾ ಗಲೀಜು. ಮೊಲದ್ದಾದ್ರೆ ಆ ತಲೆನೋವಿಲ್ಲ.

ರಿಟ್ರೀವಲ್ (ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನನ್ನ ಆಂಟಿಬಾಡಿಗೆ ಸಿಗೋ ಹಾಗೆ ಬಿಸಿ ಮಾಡಿ ತೆರೆಯೋದು) ಮಾತ್ರ ಬಿಡೋ ಹಾಗಿಲ್ಲ. 1983ರಲ್ಲಿ ಜರ್ಮನಿಯ ಕೀಲ್‌ನಿಂದ ಬಂದ ಮೂಲ ಕೆಐ-67 ಆಂಟಿಬಾಡಿ ಫ್ರೋಜನ್ ಸೆಕ್ಷನ್ ಮೇಲಷ್ಟೇ ಕೆಲ್ಸ ಮಾಡ್ತಿತ್ತು, ಫಾರ್ಮಲಿನ್‌ನಲ್ಲಿ ಇಟ್ಟಿದ್ದು ಅಂದ್ರೆ ಕೈ ಎತ್ತಿಬಿಡ್ತಿತ್ತು, ಪ್ಯಾರಾಫಿನ್ ಮೇಲೂ ಆಗೋ ಕ್ಲೋನ್‌ಗಳು ಆಮೇಲೆ ಬಂದಿದ್ದು, ಅವಕ್ಕೂ ಬಿಸಿ ಬೇಕೇ ಬೇಕು. ಪಿಎಚ್ 6ರ ಸಿಟ್ರೇಟ್ ಬಫರ್‌ನಲ್ಲಿ ಬಿಸಿ ಮಾಡಿ, ಅದ್ರಲ್ಲೇ ತಣ್ಣಗಾಗಕ್ಕೆ ಬಿಟ್ಟು ಆಮೇಲೆ ಎಸ್‌ಪಿ6ನ 1:200 ಡೈಲ್ಯೂಷನ್‌ನಲ್ಲಿ ಹಾಕಿದ್ವಿ, ಚೆನ್ನಾಗ್ ಬಂತು. ಜೋರಾಗಿ ಕೊತಕೊತ ಕುದಿಸಿದ್ರೆ ಸೆಕ್ಷನ್ನೇ ಕಿತ್ಕೊಂಡು ಹೋಗತ್ತೆ, ಹುಷಾರು.

ಇನ್ನೊಂದು, ಎಣಿಸೋವಾಗ ಜೋಪಾನ. ಕೆಐ-67 ಪಾಸಿಟಿವ್ ಅಂದ್ರೆ ಆ ಸೆಲ್ ಸೈಕಲ್ ಒಳಗಿದೆ ಅಂತ ಅಷ್ಟೇ, ಸೈಕಲ್‌ನ ಹಂತಗಳಾದ ಜಿ1, ಎಸ್ (ಡಿಎನ್ಎ ಕಾಪಿ ಆಗೋದು), ಜಿ2, ಎಂ (ಮೈಟೋಸಿಸ್, ಸೆಲ್ ಎರಡಾಗೋದು) ಎಲ್ಲಾದ್ರಲ್ಲೂ ಬರತ್ತೆ, ಜಿ0ಗೆ (ಸೈಕಲ್ ಬಿಟ್ಟು ಸುಮ್ನಿರೋ ಹಂತ) ಹೋದ್ರೆ ಮಾತ್ರ ಇರಲ್ಲ. ಕ್ರಿಪ್ಟ್ ತುಂಬಾ ಕಂದು ಕಂಡ್ರೆ "ಎಲ್ಲಾ ಮೈಟೋಸಿಸ್‌ನಲ್ಲಿದೆ" ಅಂತ ಬರ್ಕೊಂಡು ಬರೋ ಸ್ಟೂಡೆಂಟ್ಸ್ ಇದಾರೆ! ಮೈಟೋಸಿಸ್ಸೇ ಬೇಕಂದ್ರೆ ಫಾಸ್ಫೋ ಹಿಸ್ಟೋನ್ ಎಚ್3 ಆಂಟಿಬಾಡಿ, ಸೆರಿನ್ 10ದು, ಹಾಕಿ. ಒಂದು ಕ್ರಿಪ್ಟಲ್ಲಿ ಒಂದೋ ಎರಡೋ ಕಾಣ್ಸಿದ್ರೆ ಹೆಚ್ಚು, ಗಾಬರಿ ಬೀಳ್ಬೇಡಿ, ಎಂ ಫೇಸ್ ಇರೋದೇ ಅಷ್ಟು ಹೊತ್ತು. ಎಸ್ ಫೇಸ್ ಬೇಕಂದ್ರೆ ಬಿಆರ್‌ಡಿಯು (ಹೊಸ ಡಿಎನ್ಎಗೆ ಸೇರ್ಕೊಳೋ ಗುರುತು) ಇದೆ, ಆದ್ರೆ ಪ್ರಾಣಿಗೆ ಮೊದ್ಲೇ ಇಂಜೆಕ್ಷನ್ ಕೊಟ್ಟಿರ್ಬೇಕು, ಆಮೇಲೆ ಡಿಎನ್ಎ ಬಿಚ್ಚಕ್ಕೆ ಆಸಿಡ್ ಬೇರೆ, ಹಳೇ ಬ್ಲಾಕ್‌ಗಳಿಗೆ (ಮೊದ್ಲೇ ಮೇಣದಲ್ಲಿ ಕೂರಿಸಿಟ್ಟ ಟಿಶ್ಯೂ) ಅದು ಆಗೋ ಮಾತಲ್ಲ.

ಬೇಜಾರು ಅಂದ್ರೆ ಸಪ್ಲೈಯರ್ ಮೇಲೆ. ಆರ್ಡರ್ ಹಾಕಿ ವಾರಗಟ್ಟಲೆ ಕಾಯ್ಸಿದ್ರು, ಬಂದಾಗ ಡಬ್ಬಿಯಲ್ಲಿದ್ದ ಜೆಲ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಾಗಿತ್ತು, ಕೇಳಿದ್ರೆ ಏನೂ ಆಗಲ್ಲ ಸರ್ ಅಂದ್ರು. ನಮ್ ಅದೃಷ್ಟ, ಏನೂ ಆಗಿರ್ಲಿಲ್ಲ. ರೇಟೂ ಕಮ್ಮಿ ಏನಲ್ಲ, ಅದ್ಕೇ ಮೊದ್ಲು ಚಿಕ್ಕ ವಯಲ್ ಕೇಳಿ ತಗೊಳಿ, ನಿಮ್ ಟಿಶ್ಯೂ ಮೇಲೆ ಡೈಲ್ಯೂಷನ್ ಸೆಟ್ ಆದ್ಮೇಲೆ ದೊಡ್ಡದು ತರ್ಸ್ಕೊಳಿ.