ತೊಡೆಮೂಳೆಯ ಮೇಲ್ಭಾಗ ಮುರಿದಾಗ: ಸಣ್ಣ ಗಾಯದ ಪ್ಲೇಟಾ, ದೊಡ್ಡ ಗಾಯದ ಪ್ಲೇಟಾ, ರಾಡಾ?

ಮೂರನ್ನೂ ನನ್ನ ಕೈಯಾರೆ ಹಾಕಿದ್ದೇನೆ. ರೋಗಿಯ ಕಡೆಯವರು ಮೊದಲು ಕೇಳೋದು, "ಡಾಕ್ಟ್ರೇ, ಸಣ್ಣ ಗಾಯದಲ್ಲೇ ಮುಗಿಯಲ್ವಾ?" ಅಂತ. ಎಷ್ಟೋ ಸಲ ಮುಗಿಯುತ್ತದೆ. ಆದರೆ ನಾನು ಮೊದಲು ನೋಡೋದು ಮೂಳೆ ಎಲ್ಲಿ, ಯಾವ ಓರೆಯಲ್ಲಿ ಮುರಿದಿದೆ ಅನ್ನೋದನ್ನು.

ಉದ್ದಕ್ಕೆ ಕೊಯ್ದು ಪ್ಲೇಟ್ ಹಾಕುವುದು ಹಳೇ ದಾರಿ. ತುಂಡುಗಳು ಕಣ್ಣಿಗೆ ಕಾಣುತ್ತವೆ, ಜೋಡಿಸೋದು ಸಲೀಸು. ಆದರೆ ಸ್ನಾಯು ಎತ್ತಬೇಕು, ದಾರಿಗೆ ಅಡ್ಡ ಬರುವ ರಕ್ತನಾಳಗಳನ್ನು ಕಟ್ಟಬೇಕು. ರಕ್ತ ಜಾಸ್ತಿ ಹೋಗುತ್ತದೆ, ಮೂಳೆ ತುಂಡುಗಳಿಗೂ ರಕ್ತ ಕಡಿಮೆಯಾಗುತ್ತದೆ.

ಸಣ್ಣ ಗಾಯದ ವಿಧಾನದಲ್ಲಿ ಪ್ಲೇಟನ್ನು ಸ್ನಾಯುವಿನ ಅಡಿಯಲ್ಲಿ ಮೂಳೆಗೆ ತಾಗಿಸಿಕೊಂಡೇ ಕೆಳಕ್ಕೆ ಜಾರಿಸುತ್ತೇವೆ. ಮುರಿದ ಜಾಗ ತೆರೆಯುವುದಿಲ್ಲ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಅಲ್ಲೇ ಉಳಿಯುತ್ತದೆ, ಮೂಳೆ ಕೂಡಲು ಅದೂ ಬೇಕು. ಕಷ್ಟ ಏನಂದ್ರೆ, ಎಲ್ಲವನ್ನೂ ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ತೋರಿಸುವ ಯಂತ್ರ) ಪರದೆಯಲ್ಲೇ ನೋಡಬೇಕು, ಎಕ್ಸ್-ರೇ ಹೆಚ್ಚು ಬೀಳುತ್ತದೆ. ಮುರಿತ ಸ್ವಲ್ಪ ಕೆಳಗಿದ್ದರೆ ಮೇಲಿನ ತುಂಡನ್ನು ಸೊಂಟದ ಸ್ನಾಯುಗಳು ಮುಂದಕ್ಕೆ ಎಳೆದು, ಹೊರಕ್ಕೆ ತಿರುಗಿಸಿರುತ್ತವೆ. ಕಾಲು ಎಳೆದರೆ ಕೆಳಗಿನ ತುಂಡು ಮಾತು ಕೇಳುತ್ತದೆ, ಮೇಲಿನದು ಕೇಳಲ್ಲ. ಅದಕ್ಕೊಂದು ದಪ್ಪ ಪಿನ್ ಹಾಕಿ, ಪಿನ್ ಹಿಡಿದು ತಿರುಗಿಸಿ ಸಾಲಿಗೆ ತರುತ್ತೇನೆ. ಆಮೇಲೆ ಡಯಾಥರ್ಮಿ (ರಕ್ತ ನಿಲ್ಲಿಸಲು ಸುಡುವ ಯಂತ್ರ) ವೈರನ್ನು ತೊಡೆಮೂಳೆ ತಲೆಯ ನಡುವಿನಿಂದ ಪಾದದ ಕೀಲಿನ ನಡುವಿಗೆ ಬಿಗಿಯಾಗಿ ಹಿಡಿದು ಮಂಡಿಯ ಎಕ್ಸ್-ರೇ ನೋಡುತ್ತೇನೆ. ವೈರ್ ಮಂಡಿಯ ನಡುವೆ ಹಾದರೆ ಸರಿ. ಒಳಬದಿಗೆ ಸರಿದಿದ್ದರೆ ಜೋಡಣೆ ಓರೆಯಾಗಿದೆ. ಹಾಗೇ ಲಾಕಿಂಗ್ ಸ್ಕ್ರೂ (ಪ್ಲೇಟಿನೊಳಗೇ ಕಚ್ಚಿಕೊಳ್ಳುವ ಸ್ಕ್ರೂ) ಬಿಗಿದರೆ ಆ ಓರೆಯೂ ಲಾಕ್ ಆದಂತೆಯೇ, ಮುಂದೆ ಪ್ಲೇಟ್ ಮುರಿಯುವ ಭಯ ಬೇರೆ. ಎಷ್ಟು ಒದ್ದಾಡಿದರೂ ಸರಿಹೋಗದಿದ್ದರೆ, ಮುಲಾಜಿಲ್ಲದೆ ಗಾಯ ಉದ್ದ ಮಾಡುತ್ತೇನೆ.

ರಾಡ್ ಮೂಳೆಯ ಒಳಗೇ ಕೂರುವುದರಿಂದ ಅದರ ಮೇಲೆ ಬಾಗಿಸುವ ಒತ್ತಡ ಕಡಿಮೆ. ಮುರಿತ ತೀರಾ ಕೆಳಗಿದ್ದರೆ, ಅಥವಾ ಓರೆ ಉಲ್ಟಾ ಇದ್ದರೆ (ಬಿರುಕು ಒಳಬದಿಯ ಮೇಲಿನಿಂದ ಹೊರಬದಿಯ ಕೆಳಕ್ಕೆ ಇಳಿದಿದ್ದರೆ) ನನ್ನ ಆಯ್ಕೆ ಅದೇ. ಮೂಳೆಯ ಕೊಳವೆ ತೀರಾ ಸಣ್ಣದಿದ್ದರೆ, ಮೂಳೆ ಬಾಗಿದ್ದರೆ, ಕೆಳಗೆ ಕೃತಕ ಮಂಡಿಯ ಕಾಂಡ ಅಡ್ಡ ಬಂದರೆ ರಾಡ್ ಹೋಗಲ್ಲ. ಆಗಲೇ ಸಣ್ಣ ಗಾಯದ ಉದ್ದ ಪ್ಲೇಟಿಗೆ ನಿಜವಾದ ಬೆಲೆ.

ವಯಸ್ಸಾದವರಲ್ಲಿ ಎರಡೇ ತುಂಡಾದ ಸರಳ ಮುರಿತಕ್ಕೆ 135 ಡಿಗ್ರಿಯ ಡಿಎಚ್‌ಎಸ್ ಪ್ಲೇಟ್ (ಮೂಳೆಯ ತಲೆಗೆ ಹೋಗುವ ದಪ್ಪ ಸ್ಕ್ರೂ ಈ ಕೋನದಲ್ಲಿ ಕೂರುವ ಪ್ಲೇಟ್) ಸಾಕು, ಅದೂ ಸಣ್ಣ ಗಾಯದಲ್ಲೇ ಕೂರುತ್ತದೆ. ಸ್ಕ್ರೂ ತುದಿಯಿಂದ ಮೂಳೆ ತಲೆಯ ತುದಿಗಿರುವ ದೂರವನ್ನು ಮುಂದಿನಿಂದ, ಪಕ್ಕದಿಂದ ತೆಗೆದ ಎರಡೂ ಎಕ್ಸ್-ರೇಗಳಲ್ಲಿ ಅಳೆದು ಕೂಡಿದರೆ 25 ಮಿಲಿಮೀಟರ್ ಒಳಗೆ ಇರಬೇಕು.

ನಡಿಗೆ ವಿಷಯದಲ್ಲಿ ಮಾತ್ರ ರಾಡ್ ಹಾಕಿಸಿಕೊಂಡವರಿಗೇ ಆರಾಮ. ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿದು ಕಾಲೂರುತ್ತಾರೆ. ಪುಡಿಪುಡಿಯಾದ ಮುರಿತಕ್ಕೆ ಉದ್ದ ಪ್ಲೇಟ್ ಹಾಕಿದ್ದರೆ, ಎಕ್ಸ್-ರೇಯಲ್ಲಿ ಹೊಸ ಮೂಳೆ ಕಾಣುವವರೆಗೆ ಪೂರ್ತಿ ಭಾರ ಹಾಕಲು ನಾನು ಬಿಡುವುದಿಲ್ಲ.