ಸೂಜಿ ಮುರಿದರೆ ಮಗುವಿನ ಬಾಯಿ ಮುಚ್ಚಲು ಬಿಡಬೇಡಿ

ದಾವಣಗೆರೆಯಲ್ಲಿ ಮಕ್ಕಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೂರು ತಿಂಗಳಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ, ಕೂತಾಗಲೆಲ್ಲ ಆ ದಿನ ಕಣ್ಣಮುಂದೆ ಬಂದು ಎದ್ದುಬಿಡುತ್ತಿದ್ದೆ.

ನನ್ನ ಮಗಳಿಗೆ 9 ವರ್ಷ. ಬಲಗಡೆ ಕೆಳಗಿನ ದವಡೆ ಹಲ್ಲು ಹುಳುಕಾಗಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಹೆಸರು ಬರೆಯುವುದಿಲ್ಲ, ಕೇಳಲೂಬೇಡಿ. ಮರಗಟ್ಟೋ ಇಂಜೆಕ್ಷನ್ ಕೊಡಬೇಕು ಅಂದರು. ಕೊಡುವ ಮುಂಚೆ ಡಾಕ್ಟರು ಸೂಜಿಯನ್ನು ಬುಡದ ಹತ್ತಿರ ಸ್ವಲ್ಪ ಬಗ್ಗಿಸಿಕೊಂಡರು. ನಾನು ಕಣ್ಣಾರೆ ನೋಡಿದೆ. ಹಂಗೇ ಕೊಡೋದಿರಬೇಕು ಅಂತ ಸುಮ್ಮನಿದ್ದೆ.

ಮಗಳಿಗೆ ಏನು ಆಗುತ್ತೆ ಅಂತ ಯಾರೂ ಹೇಳಿರಲಿಲ್ಲ. "ಬಾಯಿ ತೆಗಿ ಪುಟ್ಟಿ" ಅಂದರು, ಸೂಜಿ ಒಳಗೆ ಹೋಯಿತು, ಅವಳು ಬೆಚ್ಚಿ ತಲೆ ಎಳೆದುಕೊಂಡಳು. ಸಿರಿಂಜ್ ಹೊರಗೆ ಬಂತು. "ಉಗುಳು" ಅಂದರು. ಅವಳು ಬಾಯಿ ಮುಚ್ಚಿ, ಎದ್ದು, ಉಗುಳಿ, ಅಳುತ್ತ ನನ್ನ ಸೆರಗು ಹಿಡಿದಳು. ಆಮೇಲೆ ಡಾಕ್ಟರು ಸಿರಿಂಜ್ ನೋಡಿದರು. ತುದಿಯಲ್ಲಿ ಸೂಜಿ ಇರಲಿಲ್ಲ.

ಮೊದಲು ನೆಲದ ಮೇಲೆ ಹುಡುಕಿದರು. ನಂತರ ಅವಳ ಬಾಯೊಳಗೆ ಚಿಮಟ ಹಾಕಿ ಕೆದಕತೊಡಗಿದರು. ಅರ್ಧ ಗಂಟೆ. ರಕ್ತ ಬಂತು, ಗಂಟಲ ಪಕ್ಕ ಊದಿಕೊಂಡಿತು, ಏನೂ ಸಿಗಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಸಣ್ಣ ಚೂರು ಇರಬಹುದು ರೀ, ತಾನಾಗೇ ಕರಗುತ್ತೆ, ಮಾತ್ರೆ ಕೊಡ್ತೀನಿ" ಅಂದರು. ಸ್ಟೀಲಿನ ಸೂಜಿ ಮಾಂಸದಲ್ಲಿ ಕರಗುತ್ತದೆಯೇ? ಆ ಹೊತ್ತಿಗೆ ನಾನು ನಂಬಿದೆ. ನಂಬಿ ಮನೆಗೆ ಕರೆತಂದೆ.

ಮೂರನೇ ದಿನ ಅವಳಿಗೆ ಬಾಯಿ ಒಂದು ಬೆರಳಷ್ಟೂ ತೆರೆಯಲಾಗಲಿಲ್ಲ. ಗಂಜಿಯನ್ನೂ ಚಮಚದ ತುದಿಯಲ್ಲೇ ಹಾಕಬೇಕಾಯಿತು. ನಮ್ಮ ಯಜಮಾನರು ಹರಿಹರದಿಂದ ಕೆಲಸ ಬಿಟ್ಟು ಬಂದರು. ಎರಡೆರಡು ದಂತ ವೈದ್ಯಕೀಯ ಕಾಲೇಜು ಇರುವ ಊರು ನಮ್ಮದು, ಮೊದಲ ದಿನವೇ ಅಲ್ಲಿಗೆ ಓಡಬೇಕಿತ್ತು ಅನ್ನುವುದು ಈಗಲೂ ನನ್ನನ್ನು ತಿನ್ನುತ್ತದೆ.

ಬಾಯಿ ಮತ್ತು ದವಡೆಯ ಸರ್ಜನ್ ಒಬ್ಬರು ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆ, "ಸಿರಿಂಜಲ್ಲಿ ಉಳಿದ ತುಂಡು ತಂದಿದ್ದೀರಾ?" ಅದು ಕಸದ ಡಬ್ಬಿ ಸೇರಿ ಮೂರು ದಿನವಾಗಿತ್ತು. ಉಳಿದದ್ದು ಕೈಯಲ್ಲಿದ್ದರೆ ಒಳಗೆ ಎಷ್ಟು ಉದ್ದ ಇದೆ ಅಂತ ಲೆಕ್ಕ ಸಿಗುತ್ತಿತ್ತಂತೆ. ಸಿಟಿ ಸ್ಕ್ಯಾನ್‌ನಲ್ಲಿ ಕಂಡಿತು, ದವಡೆ ಮೂಳೆಯ ಒಳಬದಿಯಲ್ಲಿ, ಸ್ನಾಯುವಿನ ಪಕ್ಕ. ಹತ್ತಿರದಲ್ಲೇ ರಕ್ತನಾಳ, ನರ. ಪೂರ್ತಿ ಅರಿವಳಿಕೆ ಕೊಟ್ಟು, ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ ಇಟ್ಟುಕೊಂಡು ತೆಗೆದರು. ಹೊರಗೆ ಬೆಂಚಿನ ಮೇಲೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಆ ಸರ್ಜನ್ ಸಮಾಧಾನವಾಗಿ ಎಲ್ಲ ಬಿಡಿಸಿ ಹೇಳಿದರು. ಸೂಜಿ ಮುರಿಯುವುದು ಬಹಳ ಅಪರೂಪ, ಆದರೆ ಮುರಿದರೆ ಸಾಮಾನ್ಯವಾಗಿ ಬುಡದಲ್ಲೇ, ಪ್ಲಾಸ್ಟಿಕ್ ಹಿಡಿ ಸೇರುವ ಜಾಗದಲ್ಲೇ. ಅದಕ್ಕೇ ಬುಡದವರೆಗೆ ಚುಚ್ಚಬಾರದು, 5 ಮಿಲಿಮೀಟರ್ ಆದರೂ ಹೊರಗೆ ಕಾಣುತ್ತಿರಬೇಕು. ಅಷ್ಟು ಕಾಣುತ್ತಿದ್ದರೆ ಮುರಿದಾಗ ಹಿಡಿದು ಎಳೆಯಬಹುದು. ಬಗ್ಗಿಸಿದ ಸೂಜಿ ಅಲ್ಲೇ ದುರ್ಬಲವಾಗುತ್ತದೆ. ನಮ್ಮ ಮಗಳಿಗೆ ಬಳಸಿದ್ದು 30 ಗೇಜಿನ ಗಿಡ್ಡ ಸೂಜಿ ಅಂತ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ತಿಳಿಯಿತು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಪೂರ. ಗಿಡ್ಡ ಸೂಜಿ ಸುಮಾರು 20 ಮಿಲಿಮೀಟರ್, ಉದ್ದದ್ದು ಸುಮಾರು 32. ಕೆಳದವಡೆಯ ನರಕ್ಕೆ ಆಳವಾಗಿ ಕೊಡುವ ಇಂಜೆಕ್ಷನ್‌ನಲ್ಲೇ ಇಂಥದ್ದು ಹೆಚ್ಚು ಆಗಿರುವುದು, ಅದೂ ಹೆಚ್ಚಾಗಿ ಈ ಸಪೂರ ಗಿಡ್ಡ ಸೂಜಿಯಿಂದ. ಅಲ್ಲಿಗೆ 25 ಅಥವಾ 27 ಗೇಜಿನ ಉದ್ದ ಸೂಜಿ ವಾಸಿ ಅಂದರು.

ಸೂಜಿ ಮುರಿದದ್ದಕ್ಕೆ ನನಗೆ ಆ ಡಾಕ್ಟರ ಮೇಲೆ ಅಷ್ಟು ಸಿಟ್ಟಿಲ್ಲ. ಮಗು ಬೆಚ್ಚಿತು, ಆಯಿತು. ನನ್ನ ಸಂಕಟವೆಲ್ಲ ಆಮೇಲಿನದ್ದು. ಮುರಿದ ಕ್ಷಣ ಬಾಯಿ ತೆರೆದೇ ಹಿಡಿದು, ಅಲ್ಲಾಡಬೇಡ ಅಂತ ಹೇಳಿ ನೋಡಬೇಕಿತ್ತು. ಬಾಯಿ ಮುಚ್ಚಿ ಮತ್ತೆ ತೆರೆದರೆ ಸ್ನಾಯು ಆಡಿ ಚೂರು ಇನ್ನೂ ಒಳಗೆ ಸರಿಯುತ್ತದೆ. ಕಂಡರೆ ಹಿಡಿದು ತೆಗೆಯಬೇಕು, ಕಾಣದಿದ್ದರೆ ಕೆದಕಲೇಬಾರದು. ನಡೆದದ್ದನ್ನು ನಮಗೆ ನೇರ ಹೇಳಿ, ಉಳಿದ ತುಂಡನ್ನು ಕೈಗಿಟ್ಟು, ಚೀಟಿ ಬರೆದು ಅವತ್ತೇ ಸರ್ಜನ್ ಹತ್ತಿರ ಕಳಿಸಿದ್ದರೆ ಮೂರು ದಿನದ ಆ ನರಕ ಇರುತ್ತಿರಲಿಲ್ಲ. ನಿಮ್ಮ ಮಗುವಿಗೆ ಹೀಗಾದರೆ, ಡಾಕ್ಟರು ಹೇಳದಿದ್ದರೂ ನೀವೇ ಈ ಮಾತು ಹೇಳಿ. ಸಂಕೋಚ ಬೇಡ.

ಇಷ್ಟಕ್ಕೆ ಹೆದರಿ ಹಲ್ಲಿನ ಚಿಕಿತ್ಸೆಯನ್ನೇ ಬಿಡಬೇಡಿ. ಆ ಇಂಜೆಕ್ಷನ್ ಇಲ್ಲದೆ ಮಗು ಪಡುವ ನೋವು ಇನ್ನೂ ಕೆಟ್ಟದ್ದು.

ಈಗ ಅವಳದೇ ಮೂರು ಬೆರಳು ಬಾಯೊಳಗೆ ಹೋಗುತ್ತವೆ, ದಿನಾ ಕನ್ನಡಿ ಮುಂದೆ ನಿಂತು ಅಳೆಯುತ್ತಾಳೆ. ಎಡಗಡೆ ಹಲ್ಲಿನ ಕೆಲಸ ಬಾಕಿ ಇತ್ತು. ಹೋದ ವಾರ ಮಕ್ಕಳ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಹೋದೆವು. ಅವರು ಮೊದಲು ಅವಳ ಪಕ್ಕ ಕೂತು, "ನೋವಾದರೆ ತಲೆ ಆಡಿಸಬೇಡ ಕಂದಾ, ಎಡಗೈ ಎತ್ತು, ನಾನು ನಿಲ್ಲಿಸ್ತೀನಿ" ಅಂದರು. ಅವಳು ಎರಡು ಸಲ ಕೈ ಎತ್ತಿದಳು. ಎರಡು ಸಲವೂ ನಿಲ್ಲಿಸಿದರು.